ತಾತನ ಏಳು ಎಕರೆ

ಶಾಲೆಯ ಚರಿತ್ರೆ ಬರೆಯಿರಿ ಎಂದಾಗ ತಾತ್ಕಾಲಿಕ ಮೇಷ್ಟ್ರು ಮಾಡಿದ ತಪ್ಪು ಒಂದೇ. ಬೀರುವಿನ ತಳದಲ್ಲಿದ್ದ ಹಳೆಯ ದಿನಚರಿ ಪುಸ್ತಕ ತೆಗೆದು ಓದಿಬಿಟ್ಟರು.

ಆ ಸರ್ಕಾರಿ ಪ್ರೌಢಶಾಲೆಗೆ ಎಪ್ಪತ್ತೈದು ವರ್ಷ ತುಂಬಿ, ಅಂದು ಸಂಜೆ ಸಮಾರಂಭವಿತ್ತು. ಅದಕ್ಕೊಂದು ಸ್ಮರಣ ಸಂಚಿಕೆ. ಕಾಯಂ ಮೇಷ್ಟ್ರುಗಳೆಲ್ಲ ವೇದಿಕೆಯಲ್ಲಿ ಯಾರ ಪಕ್ಕ ಯಾರು ಕೂರಬೇಕೆಂಬ ಮಹಾಚಿಂತನೆಯಲ್ಲಿ ವಾರದಿಂದ ಮುಳುಗಿದ್ದರಿಂದ, ಚರಿತ್ರೆಯ ಕೆಲಸವೂ ಬೇಡದ ಬೇರೆಲ್ಲ ಕೆಲಸಗಳಂತೆ ತಾತ್ಕಾಲಿಕರ ಪಾಲಿಗೆ ಬಂದಿತ್ತು. ಅವರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಆದೇಶ ಹೆಡ್‌ಮಾಸ್ಟರ ಜೇಬಿನಲ್ಲಿತ್ತು. ಶಾಲಾ ಸಮಿತಿ ಅಧ್ಯಕ್ಷರ ಸಹಿಯೊಂದು ಬಾಕಿ. “ಸಂಚಿಕೆ ಬರಲಿ, ಅಧ್ಯಕ್ಷರಿಗೆ ಖುಷಿಯಾಗಲಿ, ಸಹಿ ತಾನಾಗೇ ಬೀಳುತ್ತೆ” ಎಂದು ಹೆಡ್‌ಮಾಸ್ಟರು ಆಗಾಗ ಜೇಬು ತಟ್ಟಿ ತೋರಿಸುತ್ತಿದ್ದರು. ನಾಯಿಗೆ ಬಿಸ್ಕತ್ತನ್ನೂ ಯಾರೂ ಅಷ್ಟು ಸಲ ತೋರಿಸುವುದಿಲ್ಲ.

ಬೆಳಿಗ್ಗೆ ಬರಹ ಓದಿದ ಹೆಡ್‌ಮಾಸ್ಟರ ಮುಖ ಹಿಂಡಿಟ್ಟ ಬಟ್ಟೆಯಂತಾಯಿತು.

“ಏನ್ರೀ ಇದು? ಕಲ್ಲು ಒಡೆಯೋರು ಈ ಶಾಲೆ ಕಟ್ಟಿದ್ರಾ?”

“ಹೌದು ಸಾರ್. ವಾರದ ರಜೆ ದಿನ ಕ್ವಾರಿಯಿಂದ ಕಲ್ಲು ಹೊತ್ತು ತಂದು, ಸರ್ಕಾರಿ ಬೀಳು ಜಾಗದಲ್ಲಿ ಮೂರು ವರ್ಷ ಕಟ್ಟಿದ್ದಾರೆ. ದಿನಚರೀಲಿ ಒಬ್ಬೊಬ್ಬರ ಹೆಬ್ಬೆಟ್ಟೂ ಇದೆ.”

“ಮತ್ತೆ ಅಧ್ಯಕ್ಷರ ತಾತ ಎಲ್ರೀ?”

“ಅವರೂ ಇದ್ದಾರೆ ಸಾರ್. ‘ಈ ಮಕ್ಕಳು ಓದು ಕಲಿತರೆ ನನ್ನ ಕ್ವಾರಿಗೆ ಆಳು ಎಲ್ಲಿಂದ ತರಲಿ’ ಅಂತ ಶಾಲೆ ನಿಲ್ಲಿಸೋಕೆ ಅರ್ಜಿ ಕೊಟ್ಟಿದ್ದಾರೆ.”

ಹೆಡ್‌ಮಾಸ್ಟರು ಎದ್ದು ಕಿಟಕಿ ಮುಚ್ಚಿದರು. “ಮೆಲ್ಲಗೆ! ಇದು ಅಚ್ಚಾದ್ರೆ ನಿಮ್ಮ ಆದೇಶಕ್ಕೆ ಯಾರು ಸಹಿ ಹಾಕ್ತಾರ್ರೀ? ನಿಮ್ಮ ಕಲ್ಲು ಒಡೆಯೋರಾ?”

ಮೇಷ್ಟ್ರು ತಲೆ ತಗ್ಗಿಸಿ ಹೊರಬಂದರೆ, ಜಗಲಿಯಲ್ಲಿ ಗಂಟೆ ಹೊಡೆಯುವ ಅಜ್ಜಿ ಕಾದಿದ್ದಳು. “ನಮ್ಮಮ್ಮ ಬಸುರೀಲೂ ಕಲ್ಲು ಹೊತ್ತೋಳು ಕಣಪ್ಪ. ಅವಳ ಹೆಸರು ಹಾಕಿದ್ದೀಯ ತಾನೆ?”

“ಹಾಕಿದ್ದೀನಿ ಅಜ್ಜಿ” ಎಂದರು ಮೇಷ್ಟ್ರು. ಆ ಗಳಿಗೆಗೆ ಅದು ನಿಜವೇ ಆಗಿತ್ತು.

ಸುದ್ದಿ ಸ್ಟಾಫ್ ರೂಮಿಗೆ ಮುಟ್ಟಿತು. ಚರಿತ್ರೆಯಲ್ಲಿ ಜಾಗ ಖಾಲಿಯಾಗಲಿದೆಯೆಂದು ಬಸ್ಸಿನ ಸೀಟಿಗೆ ಟವೆಲ್ ಎಸೆಯುವಂತೆ ಎಲ್ಲರೂ ಮುಗಿಬಿದ್ದರು. ಡ್ರಿಲ್ ಮೇಷ್ಟ್ರಿಗೆ ತಾವು ಗೆಲ್ಲಿಸಬೇಕೆಂದಿದ್ದ ಕಪ್ಪುಗಳೂ ಬರಬೇಕು. ಗಣಿತದವರ ಫೋಟೊ ತಾತನ ಫೋಟೊಗಿಂತ ಬೆರಳಗಲ ಮಾತ್ರ ಚಿಕ್ಕದಿರಬೇಕು. ಒಬ್ಬೊಬ್ಬರು ಒಳಗೆ ಬಂದಂತೆ ನಾಲ್ಕು ನಾಲ್ಕು ಕಲ್ಲು ಒಡೆಯುವವರು ಹೊರಗೆ ಹೋದರು.

ತಾತನನ್ನು ಭೂದಾನಿಯಾಗಿಸಿ ತಿದ್ದಿ ಬರೆದ ಚರಿತ್ರೆ ಪ್ರೆಸ್ಸಿಗೆ ಹೋಯಿತು. ಮಧ್ಯಾಹ್ನ ಕರಡು ನೋಡಲು ಮೇಷ್ಟ್ರು ಅಲ್ಲಿಗೆ ಓಡಿದರು. ಶಾಲೆಯ ಬಾವಿಗೂ ದೊಡ್ಡ ರಸ್ತೆಗೂ ನಡುವೆ ಅಧ್ಯಕ್ಷರದೇ ಒಂದು ಅಂಗಡಿ ಸಾಲು. ಪ್ರೆಸ್ಸು ಅದರಲ್ಲೇ ಇತ್ತು. ಅಧ್ಯಕ್ಷರು ಆಗಲೇ ಅಲ್ಲಿ ಕುರ್ಚಿ ಎಳೆದುಕೊಂಡು ಕರಡು ಓದುತ್ತಿದ್ದರು.

“ಏನ್ರೀ ಮೇಷ್ಟ್ರೇ, ನಮ್ಮ ತಾತ ಶಾಲೆಗೆ ಒಂದೇ ಎಕರೆ ಕೊಟ್ರಾ? ಬರೆಯೋಕೆ ನಿಮ್ಮಪ್ಪನ ಗಂಟೇನು ಹೋಗುತ್ತೆ?”

“ಎಷ್ಟು ಹಾಕಲಿ ಅಧ್ಯಕ್ಷರೇ?”

“ಏಳು ಹಾಕಿ. ಬಾವಿಯಿಂದ ದೊಡ್ಡ ರಸ್ತೆ ತನಕ ಅನ್ನಿ, ತೂಕ ಬರುತ್ತೆ. ಕಣ್ಣೀರು ಸುರಿಸ್ತಾ ಕೊಟ್ರು ಅನ್ನಿ.”

“ಕಣ್ಣೀರು ಯಾಕೆ?”

“ಆನಂದಕ್ಕೆ ಕಣ್ರೀ! ಪಾಠ ಹೇಳೋರಿಗೆ ಅಷ್ಟೂ ಗೊತ್ತಾಗಲ್ವಾ?”

ಕೆಳಗೆ ‘ಇದೆಲ್ಲ ಸತ್ಯ’ ಎಂದು ಅಧ್ಯಕ್ಷರು ಗಡದ್ದಾಗಿ ಸಹಿ ಜಡಿದರು. ಒಂದು ಸಾಲಿನ ಜಾಗ ಉಳಿದಿದೆ ಎಂದ ಪ್ರೆಸ್ಸಿನವನು. ಮೇಷ್ಟ್ರಿಗೆ ಅಜ್ಜಿಯ ಅಮ್ಮ ನೆನಪಾದಳು, ಬಾಯಿ ತೆರೆದರು. “ಅಲ್ಲೊಂದು ಹೂವಿನ ಚಿತ್ರ ಹಾಕಪ್ಪ” ಎಂದರು ಅಧ್ಯಕ್ಷರು. ಮೇಷ್ಟ್ರು ಬಾಯಿ ಮುಚ್ಚಿದರು.

ಸಂಜೆ ಶಿಕ್ಷಣಾಧಿಕಾರಿ ಮೇಡಂ ಸಂಚಿಕೆ ಬಿಡುಗಡೆ ಮಾಡಿ, ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ಅದನ್ನು ಓದಿದರು.

“ಈ ಶಾಲೆಯ ಜಾಗದ ಕಾಗದ ಗೆದ್ದಲು ತಿಂದು, ಎಲ್ಲೆ ಎಲ್ಲಿ ಅಂತ ನಮ್ಮ ಕಚೇರಿಗೇ ಗೊತ್ತಿರಲಿಲ್ಲ” ಎಂದರು ಮೈಕಿನಲ್ಲಿ. “ಬಾವಿಯಿಂದ ದೊಡ್ಡ ರಸ್ತೆ ತನಕ ಶಾಲೆಯದೇ ಅಂತ ಅಧ್ಯಕ್ಷರೇ ಸಹಿ ಹಾಕಿ ತಿಳಿಸಿದ್ದಾರೆ. ಅಂದರೆ ಆ ಅಂಗಡಿ ಸಾಲೂ ನಮ್ಮದೇ! ನಾಳೆಯೇ ಅಳತೆಯವರನ್ನು ಕಳಿಸ್ತೀನಿ.”

ಚಪ್ಪಾಳೆ ಬಿತ್ತು. ಅಧ್ಯಕ್ಷರು ಬೆಂಕಿ ತುಳಿದವರಂತೆ ಹಾರಿ ಮೈಕು ಕಿತ್ತುಕೊಂಡರು.

“ಸುಳ್ಳು ತಾಯೀ, ಶುದ್ಧ ಸುಳ್ಳು! ನಮ್ಮ ತಾತ ಎಂಜಲು ಕೈಯಲ್ಲಿ ಕಾಗೆ ಓಡಿಸಿದವನಲ್ಲ! ಗೇಣು ಜಾಗ ಕೊಟ್ಟಿಲ್ಲ! ಶಾಲೇನೇ ಬೇಡ ಅಂತ ಅರ್ಜಿ ಕೊಟ್ಟಿದ್ದ! ಕಟ್ಟಿದ್ದು ಕಲ್ಲು ಒಡೆಯೋರು, ಸರ್ಕಾರಿ ಜಾಗದಲ್ಲಿ!”

ಹೆಡ್‌ಮಾಸ್ಟರು ಓಡಿಹೋಗಿ ದಿನಚರಿ ತಂದು, ತಾವೇ ಕಂಡುಹಿಡಿದವರಂತೆ ಎತ್ತಿ ತೋರಿಸಿದರು.

“ನಮ್ಮಮ್ಮನೂ ಹೊತ್ತಿದ್ಲು!” ಹಿಂದಿನಿಂದ ಅಜ್ಜಿ ಕೂಗಿದಳು.

“ಹೊತ್ತಿದ್ಲು! ಅವರಮ್ಮನೂ ಹೊತ್ತಿದ್ಲು! ನಾನೇ ಸಾಕ್ಷಿ!” ಎಂದರು ಅಧ್ಯಕ್ಷರು.

ಮೇಷ್ಟ್ರ ಎದೆ ಉಬ್ಬಿತು. ಎಪ್ಪತ್ತೈದು ವರ್ಷದ ಸತ್ಯ ಮೈಕಿನಲ್ಲಿ ಮೊಳಗುತ್ತಿದೆ!

“ಹಾಗಾದರೆ ಈ ಸುಳ್ಳು ಚರಿತ್ರೆ ಬರೆದವರು ಯಾರು?” ಎಂದರು ಮೇಡಂ.

ಕುರ್ಚಿಯ ವಿಷಯದಲ್ಲಿ ವಾರದಿಂದ ಒಮ್ಮತಕ್ಕೆ ಬಾರದ ವೇದಿಕೆ ರೆಪ್ಪೆ ಬಡಿಯುವಷ್ಟರಲ್ಲಿ ಒಮ್ಮತಕ್ಕೆ ಬಂತು. ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು.

“ನಂಬಿ ಸಹಿ ಹಾಕಿದ್ನಲ್ಲ ತಾಯೀ!” ಅಧ್ಯಕ್ಷರು ಕಣ್ಣೀರು ಸುರಿಸಿದರು. ಹೆಡ್‌ಮಾಸ್ಟರು ಜೇಬಿನ ಆದೇಶವನ್ನು ಎಲ್ಲರೆದುರೇ ಎರಡು ತುಂಡು ಮಾಡಿದರು. ಸ್ವಂತ ತಾತನ ವಿರುದ್ಧವೇ ಸತ್ಯ ನುಡಿದ ಅಧ್ಯಕ್ಷರ ಎದೆಗಾರಿಕೆಯನ್ನು ಮೇಡಂ ಕೊಂಡಾಡಿ, ನಿಜವಾದ ಚರಿತ್ರೆಯನ್ನು ಅವರೇ ಬರೆಯಬೇಕೆಂದರು.

ಸಭೆ ಕರಗಿದ ಮೇಲೆ ಅಜ್ಜಿ ಬಂದು ಮೇಷ್ಟ್ರ ಮುಂದೆ ಸಂಚಿಕೆ ಹಿಡಿದಳು. “ನಮ್ಮಮ್ಮ ಎಲ್ಲಪ್ಪ ಇದ್ರಲ್ಲಿ?”

ಮೇಷ್ಟ್ರು ಕೊನೆಯ ಸಾಲಿನ ಜಾಗದಲ್ಲಿ ಅಚ್ಚಾಗಿದ್ದ ಹೂವನ್ನೇ ನೋಡುತ್ತ ನಿಂತರು.

“ಮೇಷ್ಟ್ರೇ!” ಅಧ್ಯಕ್ಷರು ಹೆಗಲ ಮೇಲೆ ಕೈ ಹಾಕಿದರು. “ಬೆಳಿಗ್ಗೆ ಬರೆದಿದ್ರಂತಲ್ಲ, ಆ ಕಲ್ಲು ಒಡೆಯೋರದ್ದು, ಅದನ್ನ ಕೊಟ್ಟು ಹೋಗಿ. ಕೆಳಗೆ ನನ್ನ ಹೆಸರು ಹಾಕಿ. ಹಾಂ, ಹೋಗೋ ಮುಂಚೆ ಒಂದ್ಸಲ ತಪ್ಪು ಗಿಪ್ಪು ತಿದ್ದಿಬಿಡಿ.”