ಹಿರಿಯ ಅಳಿಯನ ಬೋರ್ಡು

ಶಿಗ್ಗಾಂವಿಯ ಕಾಳುಕಡಿ ವ್ಯಾಪಾರಿ ಪರಮೇಶ್ವರಪ್ಪನಿಗೆ ಹೊಟ್ಟೆಕಿಚ್ಚೆಂಬ ರೋಗ ಹುಟ್ಟಿನಿಂದ ಬಂದದ್ದಲ್ಲ, ಮದುವೆಯಿಂದ ಬಂದದ್ದೂ ಅಲ್ಲ. ಅದು ಬಂದದ್ದು ನಾದಿನಿಯ ಮದುವೆಯಿಂದ. ಎದುರಂಗಡಿಯವನು ಕಾರು ಕೊಂಡಾಗ ಮನಸಾರೆ ಪೇಡೆ ತಿಂದು ಇನ್ನೊಂದು ಕೇಳಿದ ದೊಡ್ಡ ಮನುಷ್ಯ ಅವನು. ಆದರೆ ಹೆಂಡತಿ ಸುಧಾರಾಣಿಯ ತಂಗಿ ಶೀಲಾಳ ಗಂಡ, ಅಂದರೆ ತನ್ನ ಷಡ್ಡಕ, ಹಾನಗಲ್ಲಿನಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿದ್ದ ಮಾಲತೇಶನ ಹೆಸರು ಕಿವಿಗೆ ಬಿದ್ದರೆ ಸಾಕು, ಕುಡಿದ ಮಜ್ಜಿಗೆ ಹೊಟ್ಟೆಯಲ್ಲೇ ಕುದಿಯುತ್ತಿತ್ತು.

ಕಾರಣವಿಲ್ಲದೆ ಕುದಿಯುತ್ತಿರಲಿಲ್ಲ. ಹಬ್ಬಕ್ಕೆ ಇಬ್ಬರು ಅಳಿಯಂದಿರೂ ಚಿಕ್ಕೇರೂರಿನ ಅತ್ತೆಮನೆಗೆ ಹೋಗುವುದು ರೂಢಿ. ಊಟ ಮುಗಿದು ಎಲೆ ಅಡಿಕೆ ತಟ್ಟೆ ಪಡಸಾಲೆಗೆ ಬಂದೊಡನೆ ಅತ್ತೆ ಶಿವಬಸವ್ವ, "ಮಾಲತೇಶಾ, ಇವತ್ತ ಯಾವ ಶಬ್ದನೋ ಯಪ್ಪಾ?" ಎಂದು ಕೇಳುವಳು. ಆ ಮಹಾನುಭಾವ ಒಂದು ಇಂಗ್ಲಿಷ್ ಶಬ್ದ ಹಿಡಿದು, ಅದು ಎಲ್ಲಿ ಹುಟ್ಟಿತು, ಯಾವ ಯಾವ ಅರ್ಥದ ಮನೆಗಳಲ್ಲಿ ಬಾಡಿಗೆಗಿತ್ತು ಎಂಬುದನ್ನೆಲ್ಲ ಬಿಡಿಸಿ ಹೇಳುವನು. ಒಮ್ಮೆ 'ಸ್ಯಾಲರಿ' ಎಂಬ ಶಬ್ದದ ಹೊಟ್ಟೆಯಲ್ಲಿ ಉಪ್ಪು ಇದೆ ಎಂದಿದ್ದ. "ಹಂಗಂದ್ರ ಉಪ್ಪಿನ ಋಣ ಅವರಿಗೂ ಗೊತ್ತೈತಿ ಅನ್ನು," ಎಂದು ಶಾಲೆಯ ಕಟ್ಟೆ ಹತ್ತದ ಶಿವಬಸವ್ವ ವಾರಗಟ್ಟಲೆ ಓಣಿಯ ತುಂಬ ಹೇಳಿಕೊಂಡು ತಿರುಗಿದ್ದಳು.

ಪರಮೇಶ್ವರಪ್ಪನಿಗೆ ಇದನ್ನು ನೋಡಲಾಗುತ್ತಿರಲಿಲ್ಲ. ಆದ್ದರಿಂದ ನೋಡುತ್ತಿರಲಿಲ್ಲ. ಮಾಲತೇಶ ಗಂಟಲು ಸರಿಮಾಡಿಕೊಂಡ ಕೂಡಲೇ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಬಿಡುವನು. ತಿರಸ್ಕಾರ ತೋರಿಸಲೆಂದೇ ಮುಚ್ಚಿದ ಕಣ್ಣು ಅದು. (ಹೊಟ್ಟೆಯಲ್ಲಿ ಹೋಳಿಗೆ ಇದ್ದಾಗ ತಿರಸ್ಕಾರಕ್ಕೂ ಗೊರಕೆಗೂ ಬಹಳ ಅಂತರವಿರುವುದಿಲ್ಲ ಎಂಬುದು ಬೇರೆ ಮಾತು.)

ಗಾಯಕ್ಕೆ ಖಾರ ಹಚ್ಚುವ ಕೆಲಸ ಸುಧಾರಾಣಿಯದು.

"ಮಾಲತೇಶ ಎಷ್ಟ ತಿಳ್ಕೊಂಡಾರ ನೋಡ್ರಿ. ನಿಮಗ ಗೊಂಜಾಳ ಬಿಟ್ರ ಏನ ಗೊತ್ತೈತಿ?"

"ಗೊಂಜಾಳದ ಕಾಳು ಹಲ್ಲಿಲೆ ಕಡದು ಹಸಿ ಎಷ್ಟೈತಿ ಅಂತ ಹೇಳ್ತೇನಿ. ಅವಗ ಬರ್ತೈತೇನು?"

"ಅದು ಇಲಿಗೂ ಬರ್ತೈತಿ ಬಿಡ್ರಿ."

ಹೆಂಡತಿ ಇಲಿಯ ಸಾಲಿನಲ್ಲಿ ಕೂಡಿಸಿದ ಮೇಲೆ ಯಾವ ಗಂಡಸು ಸುಮ್ಮನಿರುತ್ತಾನೆ? ಅವನಿಗೆ ಬೇಕಾಗಿದ್ದದ್ದು ಒಂದೇ: ಸುಧಾರಾಣಿ ಮಾಲತೇಶನ ಕಡೆ ನೋಡುವ ಹಾಗೆ ಒಮ್ಮೆ, ಒಂದೇ ಒಂದು ಸಲ, ತನ್ನ ಕಡೆ ನೋಡಬೇಕು.

ಹಾಗಂತ ಅತ್ತೆಮನೆಯಲ್ಲಿ ಅವನಿಗೆ ಮಾನವಿರಲಿಲ್ಲ ಎಂದಲ್ಲ. ಹಿತ್ತಾಳೆ ಹೂ ಬಡಿದ ತೇಗದ ಮಣೆಯೊಂದು ಆ ಮನೆಯಲ್ಲಿತ್ತು. ಅದು ಹಿರಿಯ ಅಳಿಯನದು. ಆ ಮಣೆಯ ಮೇಲೆ ಕುಳಿತವನು ಮೊದಲ ತುತ್ತು ಎತ್ತಿ ಬಾಯಿಗಿಡುವ ತನಕ ಮಾವ ಗಿರಿಯಪ್ಪನೂ ತಾಟಿಗೆ ಕೈ ಹಚ್ಚುವಂತಿರಲಿಲ್ಲ. ಗಿರಿಯಪ್ಪನ ಅಜ್ಜನ ಕಾಲದಿಂದ ಬಂದ ಕಟ್ಟಳೆ ಅದು. ಪರಮೇಶ್ವರಪ್ಪ ಪ್ರತಿ ಹಬ್ಬಕ್ಕೂ ಕುಳಿತ ಕೂಡಲೇ ಗಬಕ್ಕನೆ ಒಂದು ತುತ್ತು ನುಂಗುತ್ತಿದ್ದನಾದ್ದರಿಂದ ಅದೊಂದು ಮಾನವೆಂಬುದೇ ಅವನಿಗೆ ಮರೆತುಹೋಗಿತ್ತು.

ದೀಪಾವಳಿ ಹತ್ತಿರ ಬಂತು. ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಯಲು ಪೇಂಟರ್ ಬಾಬಾಜಾನ ನಿಚ್ಚಣಿಕೆ ಹತ್ತಿದ್ದ. ಕೆಳಗೆ ಪರಮೇಶ್ವರಪ್ಪ ನಿಚ್ಚಣಿಕೆ ಹಿಡಿದು ನಿಂತಿದ್ದ.

"ಬಾಬಾಜಾನ, ನೀ ಬರಿಯೂದು ಬೋರ್ಡ್. ಮತ್ತ ಎಲ್ಲೆಲ್ಲೆ ಬೋರ್ಡ್ ಅದಾವಪಾ?"

"ಎಲ್ಲೆ ಇಲ್ರಿ ಸಾವಕಾರ್ರ? ಬಸ್ಸಿಗೈತಿ, ಕ್ಯಾರಮ್ಮಿಗೈತಿ, ಕರೆಂಟಿಗೈತಿ. ಹೈವೇದಾಗ ಬೋರ್ಡಿಂಗ್ ಲಾಡ್ಜಿಂಗ್ ಐತಿ. ಹುಡುಗರ ಪರೀಕ್ಷಾಕ್ಕೂ ಬೋರ್ಡೇ."

ಪರಮೇಶ್ವರಪ್ಪನ ತಲೆಯಲ್ಲಿ ದೀಪ ಹತ್ತಿಕೊಂಡಿತು. ಒಂದು ಶಬ್ದಕ್ಕೆ ಇಷ್ಟು ಸಂಸಾರವಿದೆ, ಮಾಲತೇಶನ ಕಣ್ಣಿಗೆ ಅದು ಬಿದ್ದಿಲ್ಲ. ಶಬ್ದ ತನಗೆ ತಾನಾಗಿ ಹೊಳೆದದ್ದು ನೋಡಿ ಅವನಿಗೆ ತನ್ನ ಬಗ್ಗೆಯೇ ಗೌರವ ಬಂತು. ಸಂಜೆ ಮಗಳು ಪೂಜಾಳನ್ನು ಕರೆದು ಮೊಬೈಲಿನಲ್ಲಿ ಬೋರ್ಡಿನ ಕುಲಗೋತ್ರ ತೆಗೆಯಲು ಹೇಳಿದ.

"ಅಪ್ಪಾ, ಈ ಶಬ್ದ ಅಂದ್ರ..." ಎಂದು ಅವಳು ಏನೋ ಹೇಳಲು ಹೋದಳು.

"ಓದು ಅಂದ್ರ ಓದು. ಮತ್ತ ಈ ವಿಷಯ ನಿಮ್ಮವ್ವಗ ಗೊತ್ತಾಗಬಾರದು. ಹಾನಗಲ್ಲ ಚಿಕ್ಕಪ್ಪಗಂತೂ ಬಾಯಿ ಬಿಡಬ್ಯಾಡ."

ಪೂಜಾ ವಿಧೇಯ ಹುಡುಗಿ. ಬಾಯಿ ಬಿಡಲಿಲ್ಲ.

ಮರುದಿನ ಬಾಬಾಜಾನನ ಮೇಲೆ ತಾಲೀಮು ನಡೆಯಿತು. ಬೋರ್ಡ್ ಎಂದರೆ ಮೂಲದಲ್ಲಿ ಬರೀ ಹಲಗೆ. ಹಲಗೆಯನ್ನು ಮೇಲಿಟ್ಟರೆ ಮೇಜು. ಮೇಜಿನ ಮೇಲೆ ಬಡಿಸುವುದು ಊಟ, ಆದ್ದರಿಂದ ಊಟಕ್ಕೂ ಅದೇ ಹೆಸರು; ಬೋರ್ಡಿಂಗ್ ಬಂದದ್ದು ಅಲ್ಲಿಂದ. ಮೇಜಿನ ಸುತ್ತ ಕೂತು ಊರಿನ ನ್ಯಾಯ ಹೇಳುವ ದೊಡ್ಡವರಿಗೂ ಅದೇ ಹೆಸರು. ಪರೀಕ್ಷೆಯ ಬೋರ್ಡು ಬಂದದ್ದು ಅಲ್ಲಿಂದ.

"ಸಾವಕಾರ್ರ, ಬಣ್ಣ ಮುಗೀತ್ರಿ. ಕಾಲು ಜೋಮು ಹಿಡದಾವು, ಇಳೀತೇನಿ."

"ತಡಿ, ಹಡಗು ಉಳದೈತಿ."

ನಿಚ್ಚಣಿಕೆ ಪರಮೇಶ್ವರಪ್ಪನ ಕೈಯಲ್ಲಿತ್ತು. ಬಾಬಾಜಾನ ಹಡಗನ್ನೂ ಕೇಳಿದ. ಕೊನೆಗೆ ಇಳಿದಾಗ, ಹೆಂಗಿತ್ತು ಎಂದು ಕೇಳಿದರೆ, "ಬಾಳ ಎತ್ತರದ ಮಾತ್ರಿ," ಎಂದು ಮೊಣಕಾಲು ತಿಕ್ಕಿಕೊಂಡ.

ಪಾಡ್ಯದ ದಿನ ಚಿಕ್ಕೇರೂರಿನಲ್ಲಿ ಗಂಡಸರ ಪಂಕ್ತಿ ಕುಳಿತಿತು. ತೇಗದ ಮಣೆಯ ಮೇಲೆ ಪರಮೇಶ್ವರಪ್ಪ, ಪಕ್ಕದಲ್ಲಿ ಸಾದಾ ಮಣೆಯ ಮೇಲೆ ಮಾಲತೇಶ, ಎದುರು ಮಾವ ಗಿರಿಯಪ್ಪ. ಅಡ್ಡಣಿಗೆಗಳ ಮೇಲೆ ತಾಟು ಬಂದವು. ಹೋಳಿಗೆ, ಅದರ ಮೇಲೆ ಹರಿಯುವ ತುಪ್ಪ, ಪಕ್ಕದಲ್ಲಿ ಹೊಗೆಯಾಡುವ ಕಟ್ಟಿನ ಸಾರು. ಸುಧಾರಾಣಿ ತುಪ್ಪದ ಗಿಂಡಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಎಲೆ ಅಡಿಕೆ ಬರುವ ತನಕ ಕಾದರೆ ಮಾಲತೇಶ ಬಾಯಿ ತೆಗೆಯುತ್ತಾನೆ. ಅದಕ್ಕೇ ಪರಮೇಶ್ವರಪ್ಪ ಊಟಕ್ಕೆ ಮುಂಚೆಯೇ ಮುಹೂರ್ತ ಇಟ್ಟಿದ್ದ.

"ಅತ್ತಿ, ಇವತ್ತ ನಾನೊಂದು ಶಬ್ದ ಹೇಳ್ತೇನಿ. ಬೋರ್ಡ್."

ಮಾಲತೇಶ ತಲೆ ಎತ್ತಿ ಏನೋ ಹೇಳುವವನಿದ್ದ. ಸಾರು ಬಡಿಸುತ್ತಿದ್ದ ಶೀಲಾ ಕಣ್ಣಲ್ಲೇ ಗದರಿದಳು. ಅವನು ಬಾಯಿ ಮುಚ್ಚಿದ. ಸೋತ ಲಕ್ಷಣ ಎಂದುಕೊಂಡ ಪರಮೇಶ್ವರಪ್ಪ ಹಲಗೆಯಿಂದ ಆರಂಭಿಸಿದ.

ಮಾಲತೇಶ ಮಾತಾಡುವಾಗ ಶೀಲಾ ಅಡಿಕೆ ಕತ್ತರಿಸುತ್ತಿದ್ದಳು, ಮಾವ ಹಲ್ಲು ಚುಚ್ಚಿಕೊಳ್ಳುತ್ತಿದ್ದ. ಈಗ ನೋಡಿದರೆ ಒಬ್ಬರೂ ಕದಲುತ್ತಿಲ್ಲ. ಎಲ್ಲರ ಕಣ್ಣೂ ತನ್ನ ಮೇಲೆ, ಅದರಲ್ಲೂ ತನ್ನ ಬಲಗೈ ಮೇಲೆ. ಸುಧಾರಾಣಿಯ ಕಣ್ಣು ಕೂಡ. ಇಂಥ ನೋಟ ಅವಳು ಮದುವೆಯ ದಿನ ಸಹ ನೋಡಿರಲಿಲ್ಲ. ಪರಮೇಶ್ವರಪ್ಪನ ಎದೆ ತುಂಬಿ ಬಂತು.

ಮೇಜಿನ ಪ್ರಕರಣಕ್ಕೆ ಬಂದಾಗ ಉದಾಹರಣೆಗೆಂದು ಹೋಳಿಗೆ ಮುರಿದು ಎತ್ತಿದ. ಪಂಕ್ತಿಯಲ್ಲಿದ್ದ ಕೈಗಳೆಲ್ಲ ಒಮ್ಮೆಲೇ ತಾಟಿಗೆ ಇಳಿದವು.

"ಇದು ಊಟ ಅಂತ ತಿಳ್ಕೊಳ್ರಿ. ಇದಕ್ಕೂ ಬೋರ್ಡ್ ಅಂತಿದ್ರು," ಎಂದು ಹೋಳಿಗೆಯನ್ನು ತಾಟಿನಲ್ಲಿಟ್ಟ. ಕೈಗಳೆಲ್ಲ ವಾಪಸು ತೊಡೆಯ ಮೇಲೆ ಹೋದವು.

"ಅಳಿಯಂದ್ರ, ಮೊದಲ ಒಂದ ತುತ್ತು..." ಎಂದಳು ಶಿವಬಸವ್ವ.

"ತಡೀರಿ ಅತ್ತಿ, ಇನ್ನ ಹಡಗ ಏರಬೇಕು."

ತುಪ್ಪ ಹೆಪ್ಪುಗಟ್ಟಿತು. ಸಾರಿನ ಹೊಗೆ ನಿಂತಿತು. ಹಡಗಿನ ಬದಿಗೂ ಹಲಗೆ ಬಡಿಯುತ್ತಿದ್ದರಿಂದ ಹಡಗೇರುವುದಕ್ಕೂ ಅದೇ ಶಬ್ದ, ಇವತ್ತಿಗೆ ವಿಮಾನ ಏರುವುದಕ್ಕೂ ಅದೇ ಎಂದು ಅವನು ಆಕಾಶಕ್ಕೆ ಕೈ ತೋರಿಸುವ ಹೊತ್ತಿಗೆ ಎದುರು ಗಿರಿಯಪ್ಪನ ಹಣೆಯ ಮೇಲೆ ಬೆವರು ಮೂಡಿ ಕೈ ಗಡಗಡ ನಡುಗತೊಡಗಿತು. ಸಕ್ಕರೆ ಕಾಯಿಲೆಯ ಮನುಷ್ಯ. ಊಟಕ್ಕೆ ಕೂಡುವ ಮುಂಚೆ ಸಕ್ಕರೆ ಇಳಿಸುವ ಗುಳಿಗೆ ನುಂಗಿದ್ದ. ಶಿವಬಸವ್ವ ಓಡಿ ಬಂದಳು. ಅಜ್ಜನ ಕಾಲದ ಕಟ್ಟಳೆಯನ್ನು ಪಕ್ಕಕ್ಕಿಟ್ಟು ಗಂಡನ ಬಾಯಿಗೆ ಹೋಳಿಗೆ ತುರುಕಿದಳು.

"ಮಾವಾರಿಗೆ ಏನಾತು?" ಎಂದ ಪರಮೇಶ್ವರಪ್ಪ.

"ಹಸಿವಾತು," ಎಂದಳು ಸುಧಾರಾಣಿ. "ಎಲ್ಲಾರಿಗೂ ಆಗೇತಿ. ನಿಮ್ಮ ಕೈ ಬಾಯಿಗೆ ಹೋಗೂದನ್ನ ಕಾದು ಕಾದು ನಮ್ಮ ಕಣ್ಣು ಬಿದ್ದು ಹೋದುವು."

ಪರಮೇಶ್ವರಪ್ಪನಿಗೆ ಆಗ ತಿಳಿಯಿತು, ಆ ನೋಟ ಯಾವ ನೋಟ ಎಂಬುದು. ನಾಚಿಕೆಯಿಂದ ತಲೆ ತಗ್ಗಿಸಿ ತಣ್ಣಗಾದ ಹೋಳಿಗೆ ತಿಂದ. ಮಾವ ಸುಧಾರಿಸಿಕೊಂಡು ಇನ್ನೆರಡು ಹೋಳಿಗೆ ಕೇಳಿದ್ದೊಂದೇ ಆ ಹೊತ್ತಿನ ಸಮಾಧಾನ.

ಸಂಜೆ ಹೊರಡುವ ಮುಂಚೆ ಮತ್ತೆ ಪಂಕ್ತಿ ಕುಳಿತಿತು. ಶಿವಬಸವ್ವ ತೇಗದ ಮಣೆಯನ್ನು ಸೆರಗಿನಿಂದ ಒರೆಸಿ ಮಾಲತೇಶನ ಮುಂದೆ ಸರಿಸಿದಳು. ಮಾಲತೇಶ ಕುಳಿತ, ರೊಟ್ಟಿ ಮುರಿದ, ನುಂಗಿದ. ಎವೆಯಿಕ್ಕುವುದರೊಳಗೆ ಮನೆಯವರೆಲ್ಲ ಬಿಸಿ ರೊಟ್ಟಿ ಉಣ್ಣುತ್ತಿದ್ದರು.

"ಎಷ್ಟ ಚಂದ ತುತ್ತು ಎತ್ತತಾನ ನೋಡ್ರಿ," ಎಂದ ಗಿರಿಯಪ್ಪ.

ಇಷ್ಟು ದಿನ ಷಡ್ಡಕನ ವಿದ್ಯೆಗೆ ಉರಿಯುತ್ತಿದ್ದ ಪರಮೇಶ್ವರಪ್ಪ ಈಗ ಅವನು ರೊಟ್ಟಿ ನುಂಗುವುದಕ್ಕೂ ಉರಿಯುವ ಸ್ಥಿತಿಗೆ ಬಂದ. ಸಾದಾ ಮಣೆ ಕುಂಡಿಗೆ ಒತ್ತುತ್ತಿತ್ತು.

ಕೈ ತೊಳೆಯುವಾಗ ಮಾಲತೇಶ ಹತ್ತಿರ ಬಂದು ದನಿ ತಗ್ಗಿಸಿದ. "ಅಣ್ಣಾರ, ಖರೇ ಹೇಳ್ತೇನಿ. ಆ ಮಣಿ ನೋಡಿ ಇಷ್ಟ ವರ್ಷ ಹೊಟ್ಟಿ ಉರಕೊಂಡೇನಿ. ಎಲ್ಲಾರೂ ನಿಮ್ಮ ಕೈ ನೋಡ್ತಿದ್ರು, ನನ್ನ ಕಡೆ ಯಾರ ನೋಡ್ಬೇಕ್ರಿ? ಅದಕ್ಕ ಆ ಇಂಗ್ಲಿಷ್ ಶಬ್ದ ಹಿಡಕೊಂಡೆ. ಇನ್ನ ಮುಂದ ಅವೂ ಬ್ಯಾಡ ಬಿಡ್ರಿ, ಸಾಕಾಗೇತಿ."

ಪರಮೇಶ್ವರಪ್ಪ ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದ.

ಪೂಜಾ ಅಜ್ಜಿಯ ಮನೆಯಲ್ಲೇ ಉಳಿದಳು. ಗಂಡ ಹೆಂಡತಿ ಬೈಕು ಹತ್ತಿದರು. ಹಾನಗಲ್ಲು ದಾಟುವ ಹೊತ್ತಿಗೆ ಪರಮೇಶ್ವರಪ್ಪ ಹ್ಯಾಂಡಲ್ಲಿನ ಮೇಲೆ ಬಗ್ಗಿಬಿಟ್ಟಿದ್ದ. ಹಿಂದೆ ಕುಳಿತ ಸುಧಾರಾಣಿಗೆ ಅವನ ಬೆನ್ನು ಕಂಡೇ ಪಾಪ ಅನ್ನಿಸಿರಬೇಕು.

"ರೀ, ಮಧ್ಯಾಹ್ನ ಅರ್ಧಕ್ಕ ನಿಂತಿತಲ್ಲ ಆ ಬೋರ್ಡು, ಈಗ ಹೇಳ್ರಿ. ಹೊಟ್ಟಿ ತುಂಬೇತಿ, ಕೇಳ್ತೇನಿ."

ಅವನಿಗೆ ಇನ್ನೇನು ಬೇಕು? ಹಲಗೆ, ಮೇಜು, ಊಟ, ನ್ಯಾಯ ಹೇಳುವ ದೊಡ್ಡವರು, ಹಡಗು, ವಿಮಾನ, ಒಂದನ್ನೂ ಬಿಡದೆ ಹೇಳಿದ. ಸುಧಾರಾಣಿ ಅಲ್ಲಲ್ಲಿ ಹೂಂ ಎಂದಳು. ಬಂಕಾಪುರದ ದೀಪಗಳು ಕಾಣಿಸುವಾಗ ಕಥೆ ಮುಗಿಯಿತು.

"ಹೆಂಗಿತ್ತು?"

"ಛಲೋ ಇತ್ರಿ. ಹಡಗಿಂದು ಮಾತ್ರ ಮಾಲತೇಶ ಇನ್ನೂ ಚಂದ ಹೇಳಿದ್ರು."

ಬೈಕು ನಿಂತಿತು.

"ಯಾವಾಗ ಹೇಳಿದ್ದ?"

"ಹ್ವಾದ ಯುಗಾದಿಗೆ ಇದನ್ನ ಹೇಳಿದ್ರಲ್ಲ. ನೀವು ಕಂಬಕ್ಕ ಒರಗಿ ಗೊರಕಿ ಹೊಡ್ಯಾಕತ್ತಿದ್ರಿ. ನಿದ್ದ್ಯಾಗ ಕಿವಿಗೆ ಬಿದ್ದಿರಬೇಕು."

"ಮನಿ ಮಂದಿಗೆಲ್ಲಾ ಗೊತ್ತಿತ್ತೇನು? ಮತ್ತ ಮಧ್ಯಾಹ್ನ ಒಬ್ಬರರೆ ಯಾಕ ಹೇಳಲಿಲ್ಲ?"

"ಹಿರೇ ಅಳಿಯ ಮಣಿ ಮ್ಯಾಲ ಕುಂತು ಮಾತಾಡುವಾಗ ನಡುವ ಬಾಯಿ ಹಾಕಬಾರದು ಅಂತ ಅವ್ವ ಕಲಿಸ್ಯಾಳ್ರಿ." ಸುಧಾರಾಣಿ ಸೆರಗು ಹೊದ್ದುಕೊಂಡು ಅವನ ಹೆಗಲು ತಟ್ಟಿದಳು. "ಇನ್ನ ಆ ಚಿಂತಿಲ್ಲ, ನಡೀರಿ. ಮುಂದಿನ ಹಬ್ಬದಿಂದ ನಡುವ ಬಾಯಿ ಹಾಕಬಹುದು."