ಕಿವಿರು ಎತ್ತಿ ನೋಡುವ ಚಾಳಿ

ಮಂಗಳೂರಿನಲ್ಲಿ ಮೀನು ತಿಂದು ಮುದುಕನಾದವನಿಗೆ ಏನನ್ನೂ ಸುಮ್ಮನೆ ನಂಬುವ ಅಭ್ಯಾಸವಿರುವುದಿಲ್ಲ. ಬಂಗುಡೆ ಎಷ್ಟೇ ಹೊಳೆಯಲಿ, ಕಿವಿರು ಎತ್ತಿ ಒಳಗಿನ ಕೆಂಪು ನೋಡದೆ ನಾವು ಪಾತ್ರೆ ಚಾಚುವವರಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಮೊಮ್ಮಗಳು ಮೊಬೈಲ್ ಕಲಿಸಿಕೊಟ್ಟ ಮೇಲೆ ನಾನು ಮನುಷ್ಯರ ಕಿವಿರನ್ನೂ ಎತ್ತಿ ನೋಡತೊಡಗಿದೆ. ಅದರಲ್ಲೂ ಬಡತನದಿಂದ ಈಚೆಗೆ ಮೇಲೆ ಬಂದವರದ್ದು.

ನಮ್ಮ ಮನೆಗೆ ಮೀನು ತರುವ ಸುಮತಿಯ ಮಗಳು ರಶ್ಮಿ ಮದುವಣಗಿತ್ತಿಯರಿಗೆ ಮೇಕಪ್ ಮಾಡುತ್ತಾಳೆ. ಬಲ್ಮಠದಲ್ಲಿ ಒಂದು ಚಿಕ್ಕ ಕೋಣೆ, ಮೊಬೈಲಿನಲ್ಲಿ ಒಂದು ಪೇಜ್. ಗಿರಾಕಿಗಳು ಬರುವುದೇ ಆ ಪೇಜ್ ನೋಡಿ. ಅವಳು ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುವ ವಿಡಿಯೊ ಒಂದು ದಿನ ನನ್ನ ಕಣ್ಣಿಗೆ ಬಿತ್ತು. ಆ ಕಾರಿನ ಬೆಲೆ ಎಷ್ಟೆಂದು ಮೊಬೈಲಿನಲ್ಲೇ ಹುಡುಕಿದೆ. ದಾಸವಾಳದ ಚಿತ್ರ ಹಾಕಿ ‘ಸತ್ಯವಾದಿ’ ಎಂಬ ಕಳ್ಳ ಹೆಸರಿಟ್ಟುಕೊಂಡಿದ್ದೆ. ಆ ಹೆಸರಿನಲ್ಲೇ ವಿಡಿಯೊದ ಕೆಳಗೆ ಬರೆದೆ: “ಕೆಂಪು ಮೆಟ್ಟಿಲಲ್ಲಿ ಅಮ್ಮನ ಮೀನಿನ ಬುಟ್ಟಿಯ ಪಕ್ಕ ಕೂತು ಮಗ್ಗಿ ಬರೆಯುತ್ತಿದ್ದವಳಿಗೆ ಇಷ್ಟು ಬೇಗ ಕಾರು. ಮೇಕಪ್ಪಿನ ದುಡ್ಡೋ, ಬೇರೆ ದಾರಿಯದ್ದೋ?”

ಲೈಕುಗಳು ಬಂದವು. ಸುಳ್ಳು ಹೇಳುವುದಿಲ್ಲ, ಖುಷಿಯಾಯಿತು. ಆದರೆ ನಾನು ತೆರೆದ ಬಾಗಿಲಿನಿಂದ ನುಗ್ಗಿದವರು ಬರೆದದ್ದನ್ನು ಇಲ್ಲಿ ಬರೆಯಲಾರೆ. ಮೇಕಪ್ಪಿಗೆ ಅವಳನ್ನು ಗೊತ್ತುಮಾಡಿದ್ದ ಮದುವೆಯವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ರಶ್ಮಿ ಪೇಜ್ ಮುಚ್ಚಿದಳು.

ಇದನ್ನೆಲ್ಲ ನನಗೆ ಹೇಳಿದವಳು ಸುಮತಿಯೇ. ಬುಟ್ಟಿ ಇಳಿಸಿ, ಮೆಟ್ಟಿಲನ್ನು ಕೈಯಿಂದ ಒಮ್ಮೆ ಒರೆಸಿ, ಮೆಲ್ಲಗೆ ಕೇಳಿದಳು: “ಅಣ್ಣ, ಈ ಓಣಿಯಲ್ಲಿ ಕೆಂಪು ಮೆಟ್ಟಿಲು ನಿಮ್ಮದೊಂದೇ ಉಂಟಲ್ಲ?”

ನಾನು ಬಂಗುಡೆ ಆರಿಸುವವನ ಹಾಗೆ ಬುಟ್ಟಿಯತ್ತ ಬಗ್ಗಿದೆ. ಒಳಗಿನಿಂದ ಹೆಂಡತಿಯ ದನಿ ಬಂತು. “ನೀವು ಕುವೈಟಿನಿಂದ ಬಂದು ಈ ಮೆಟ್ಟಿಲು ಕಟ್ಟಿಸಿದಾಗ, ಸೈಕಲ್ಲಿಗೂ ಗತಿಯಿಲ್ಲದವನಿಗೆ ಎಲ್ಲಿಂದ ಬಂತು ಅಂತ ಊರಿಡೀ ಕೇಳಿದ್ದು ಮರೆತುಹೋಯ್ತಾ ಮಾರಾಯ್ರೆ?”

ಆ ಸಂಜೆಯೇ ‘ಸತ್ಯವಾದಿ’ ಖಾತೆಯಲ್ಲೇ ನನ್ನ ಹೆಸರು, ನನ್ನ ಮುಖ, ಹಿಂದೆ ಕೆಂಪು ಮೆಟ್ಟಿಲು, ಎಲ್ಲ ಹಾಕಿ ತಪ್ಪೊಪ್ಪಿಕೊಂಡು ಬರೆದೆ. ಬಂದ ಮೊದಲ ಉತ್ತರ: “ತಾತ, ಹೀಗೆ ಬರೆಯಲು ಅವಳು ಎಷ್ಟು ಕೊಟ್ಟಳು?”

ರಶ್ಮಿ ಪೇಜ್ ಮತ್ತೆ ತೆರೆದಿದ್ದಾಳೆ. ಕಾರಿನ ವಿಡಿಯೊ ಮಾತ್ರ ಅಲ್ಲಿಲ್ಲ. ಪ್ರಾಯಶ್ಚಿತ್ತವೆಂದು ನಾನೀಗ ಸುಮತಿ ಕೊಟ್ಟ ಮೀನನ್ನು ಹಾಗೆಯೇ ತೆಗೆದುಕೊಳ್ಳುತ್ತೇನೆ. ಆದರೆ ಚಾಳಿ ಎಲ್ಲಿ ಹೋಗುತ್ತದೆ? ಮೊನ್ನೆ ಅವಳು ಅತ್ತ ತಿರುಗಿದಾಗ ನನ್ನ ಬೆರಳು ತಾನಾಗಿ ಬುಟ್ಟಿಯತ್ತ ಹೋಯಿತು. ಅವಳು ನೋಡಿಯೇಬಿಟ್ಟಳು. ನಾನು ಕೈ ಹಿಂದೆಗೆದೆ.

“ಎತ್ತಿ ನೋಡಿ ಅಣ್ಣ,” ಎಂದಳು ಸುಮತಿ. “ಮೀನಿನದ್ದು ನೋಡಬಹುದು.”