ಕೇತಯ್ಯ ಕೇಳಿದ ಒಂದೇ ಸಾಲು

ಬಹಳ ಹಿಂದೆ, ಬರೆದವನಿಗೇ ಅವನ ಬರಹವನ್ನು ಮಾರುವ ಪದ್ಧತಿ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಅರ್ಪಣಾವತಿ ಎಂಬ ರಾಜ್ಯವಿತ್ತು. ಅಲ್ಲಿನ ತುಂಬಿದ ಸಭೆಯಲ್ಲಿ ಅರಮನೆಯ ಮುದ್ರಾಲಯ ನೋಡಿಕೊಳ್ಳುವ ಮುದ್ರಾಮಾತ್ಯ ಸರ್ವಸ್ವಾಮಿಯು, ಪಂಡಿತ ಕೇತಯ್ಯನಿಗೆ ಹೇಳಿದ:

“ನಮ್ಮ ಕೊಟ್ಟಿಗೆ ಎಮ್ಮೆ ಕೂಡ ಹಾಲಿನ ಮೇಲೆ ಹಕ್ಕು ಕೇಳಲ್ಲ ಕಣಯ್ಯ. ಅದಕ್ಕಿರೋ ಮರ್ಯಾದೆನೂ ನಿನಗಿಲ್ವಲ್ಲ.”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಹಾರಾಜ ಪ್ರಭಾವಾಂಕರು ಪಕ್ಕದವರನ್ನು ಕೇಳಿ ತಿಳಿದುಕೊಂಡು ತಡವಾಗಿ ನಕ್ಕರು. ಹಾಗಾಗಿ ಸಭೆ ಇನ್ನೊಮ್ಮೆ ನಗಬೇಕಾಯಿತು.

ಕೇತಯ್ಯನ ಅಪರಾಧ ಇಷ್ಟೇ. ಅವನ ಕುಂಬಾರ ಓಣಿಯಲ್ಲಿ ಮೂರು ಬಾವಿಗಳಿದ್ದವು. ಓಣಿಯ ಮಕ್ಕಳ ಕಾಲುಗಳು ಬೆಳೆಯುತ್ತಾ ಸೊಟ್ಟಗಾಗುತ್ತಿದ್ದವು. ಯಾವ ಬಾವಿಯ ನೀರಿನಿಂದ ಹೀಗಾಗುತ್ತದೆಂದು ವರ್ಷಗಟ್ಟಲೆ ಒದ್ದಾಡಿ ಅವನು ಕಂಡುಹಿಡಿದಿದ್ದ. ಆದರೆ ಅರಮನೆಯ ಮುದ್ರಾಲಯದಲ್ಲಿ ಅಚ್ಚಾಗದ ಮಾತು ಆ ರಾಜ್ಯದಲ್ಲಿ ಸತ್ಯವಲ್ಲ. ಅಚ್ಚಿಗೆ ಮೊದಲೇ ಯಾರಿಗಾದರೂ ಹೇಳಿದರೆ ಸಂಶೋಧನೆ ಎಂಜಲಾಯಿತೆಂದು ಮುದ್ರಾಲಯ ಬಾಗಿಲಲ್ಲೇ ಚೆಲ್ಲುತ್ತಿತ್ತು. ಅದಕ್ಕೇ ಕೇತಯ್ಯ ಹೆಂಡತಿಗೂ ಹೇಳದೆ, ತುಟಿ ಹೊಲಿದುಕೊಂಡವನಂತೆ ಬಂದು ನಿಂತಿದ್ದ.

ಅಚ್ಚಿಗೆ ಮೊದಲು ಲೇಖಕ ಸಹಿ ಹಾಕಬೇಕಾದ ಒಪ್ಪಂದದಲ್ಲಿ ಹೀಗಿತ್ತು: ‘ಲೇಖಕನು ತನ್ನ ಕೃತಿಯ ಸರ್ವ ಹಕ್ಕುಗಳನ್ನು, ಈಗಿರುವ ಹಾಗೂ ಮುಂದೆ ಪತ್ತೆಯಾಗುವ ಸಮಸ್ತ ಲೋಕಗಳಲ್ಲಿ, ಸೂರ್ಯಚಂದ್ರರಿರುವವರೆಗೆ ಮತ್ತು ಆಮೇಲೂ, ಸಂತೋಷದಿಂದ ಮುದ್ರಾಲಯಕ್ಕೆ ಒಪ್ಪಿಸಿರುತ್ತಾನೆ.’ ಕೇತಯ್ಯ ಕೆಳಗೊಂದು ಸಾಲು ಸೇರಿಸಿ ಎಂದು ಕೇಳಿದ್ದ: ‘ನನ್ನ ಓಣಿಯವರಿಗೆ ಇದನ್ನು ನಾನು ಹೇಳಬಹುದು.’

“ಬುದ್ಧಿ, ಹಣ ಬೇಡ, ಕೀರ್ತಿ ಬೇಡ. ಅದೊಂದು ಸಾಲು ಸಾಕು,” ಎಂದ ಕೇತಯ್ಯ.

“ಹಣ ಬೇಡ ಅನ್ನೋಕೆ ನಾವು ಕೊಡ್ತೀವಿ ಅಂದಿದ್ದು ಯಾವಾಗ?” ಎಂದ ಸರ್ವಸ್ವಾಮಿ.

ಪಕ್ಕದಲ್ಲಿದ್ದ ಹಿರಿಯ ಪಂಡಿತ ವಾಮದೇವ, ಪರರ ಕೃತಿಗಳನ್ನು ಪುಕ್ಕಟೆಯಾಗಿ ತಿದ್ದಿ ತಿದ್ದಿ ಕಣ್ಣು ಮಂಜಾದವರು, ಕೇತಯ್ಯನ ಶಲ್ಯ ಜಗ್ಗಿದರು. “ಸಹಿ ಹಾಕಪ್ಪಾ. ಓದ್ತಾ ಕೂತ್ರೆ ಯಾರೂ ಹಾಕಲ್ಲ. ಅದಕ್ಕೇ ನಾವ್ಯಾರೂ ಓದೋದಿಲ್ಲ.”

ಮಹಾರಾಜರಿಗೆ ಕರುಣೆ ಉಕ್ಕಿತು. “ಪಾಪ, ಒಂದು ಸಾಲು ತಾನೇ, ಕೊಡಿ.” ಕರುಣಾಸಾಗರರೆಂದು ಸಭೆ ಕೊಂಡಾಡಿತು. ಸರ್ವಸ್ವಾಮಿ ತಲೆಬಾಗಿ ಬರೆದ: ‘ಲೇಖಕನು ಈ ಕೃತಿಯ ಸಾರವನ್ನು ಬಾಯಿ ತೆರೆಯದೆ ತನಗೆ ತಾನೇ ಹೇಳಿಕೊಳ್ಳಬಹುದು.’

ಕೇತಯ್ಯ ಮಸಿಯ ಕುಡಿಕೆಯನ್ನೇ ನೋಡುತ್ತಾ ನಿಂತ. ಸಹಿ ಹಾಕದಿದ್ದರೆ ಅದು ಸತ್ಯವಲ್ಲ. ಹಾಕಿದರೆ, ಅಚ್ಚಾದದ್ದನ್ನು ಅರಮನೆ ಓದದೆ ಇರುತ್ತದೆಯೇ? ಓದಿದವರು ಬಾವಿ ಮುಚ್ಚಿಸದೆ ಇರುತ್ತಾರೆಯೇ? ಹಾಗಂದುಕೊಂಡು ಸಹಿ ಹಾಕಿಬಿಟ್ಟ.

ಅರಮನೆಗೆ ಓದುವ ಹಕ್ಕೇ ಇರಲಿಲ್ಲ. ದಕ್ಷ ಆಡಳಿತದ ಹೆಸರಿನಲ್ಲಿ ಮಹಾರಾಜರು ಹಿಂದೆಯೇ ಮುದ್ರಾಲಯವನ್ನು ಸರ್ವಸ್ವಾಮಿಗೆ ಬರೆದುಕೊಟ್ಟಿದ್ದರು. ತನ್ನ ಸಂಬಳದ ಪಂಡಿತ ಬರೆದದ್ದನ್ನು ರಾಜ್ಯ ಈಗ ಚಂದಾ ಕಟ್ಟಿ ಕೊಳ್ಳಬೇಕಿತ್ತು. ಅದಕ್ಕಾಗಿ ಜ್ಞಾನ ತೆರಿಗೆ ಬಂತು. ವಿಷಯ ಕುಂಬಾರ ಓಣಿಯದ್ದಾದ್ದರಿಂದ ‘ಫಲಾನುಭವಿಗಳು’ ಎಂದು ಆ ಓಣಿಯವರಿಂದ ದುಪ್ಪಟ್ಟು ವಸೂಲಾಯಿತು. ಪುಸ್ತಕ ಅರಮನೆಗೆ ಬಂತು, ಗಾಜಿನ ಪೆಟ್ಟಿಗೆ ಸೇರಿತು, ಆರತಿ ಎತ್ತಿಸಿಕೊಂಡಿತು. ಅದನ್ನು ಬಿಡಿಸಿದರೆ ಮೌಲ್ಯ ಕುಸಿಯುತ್ತದೆಂದು ತಜ್ಞರು ವರದಿ ಕೊಟ್ಟರು.

ಕೇತಯ್ಯ ಓಣಿಗೆ ಹೋಗಿ ಬಾವಿಯತ್ತ ಬೆರಳು ತೋರಿಸಿದ. ಕುಡಿಯಿರಿ ಎಂದೋ ಬೇಡವೆಂದೋ ಓಣಿಯವರಿಗೆ ತಿಳಿಯಲಿಲ್ಲ. ಬೆರಳು ತೋರಿಸುವುದು ಅನುವಾದವೆಂದು ಮರುದಿನವೇ ಆಜ್ಞೆ ಹೊರಟಿತು. ಬಾಯಿ ಮುಚ್ಚಿಕೊಂಡು ಒಳ್ಳೆಯ ಬಾವಿಯಿಂದಷ್ಟೇ ನೀರು ಸೇದಿದ. ಓಣಿಯವರು ಗಮನಿಸುವ ಮೊದಲೇ, ಅದು ಮೂಲ ಕೃತಿಯ ರಂಗರೂಪಾಂತರವೆಂದು ಇನ್ನೊಂದು ಆಜ್ಞೆ ಬಂತು. ಇನ್ನೊಂದು ಸಲ ಹೀಗಾದರೆ ಓಣಿಯವರನ್ನೆಲ್ಲ ಕಳ್ಳಮಾಲು ಪಡೆದವರೆಂದು ಜೈಲಿಗಟ್ಟುವುದಾಗಿ ಡಂಗುರ ಸಾರಿದರು. ಕಾವಲಿಗೆ ಒಬ್ಬ ಕೃತಿಸ್ವಾಮ್ಯ ಪೇದೆಯನ್ನು ಮೂರೂ ಬಾವಿಗಳು ಕಾಣುವಂತೆ ಒಂದು ಬಾವಿಕಟ್ಟೆಯ ಮೇಲೆ ಕೂರಿಸಿದರು.

ಆ ವರ್ಷ ಸರ್ವಸ್ವಾಮಿಗೆ ‘ಜ್ಞಾನರಕ್ಷಕ’ ಬಿರುದು ಕೊಟ್ಟು ಚಿನ್ನದ ಕಿರೀಟ ತೊಡಿಸಿದರು. ಮುದ್ರಾಲಯದ ಒಂದು ವಾಕ್ಯವೂ ಹೊರಗೆ ಸೋರದಂತೆ ನೋಡಿಕೊಂಡ ಮಹನೀಯನೆಂದು ವಾಮದೇವರೇ ಬಿನ್ನವತ್ತಳೆ ಓದಿದರು, ಪುಕ್ಕಟೆಯಾಗಿ. ಸಮಾರಂಭದ ಖರ್ಚು ಜ್ಞಾನ ತೆರಿಗೆಗೆ ಸೇರಿತು.

ಮೆರವಣಿಗೆಯ ಡೋಲು ಓಣಿಗೂ ಕೇಳಿಸುತ್ತಿದ್ದಾಗ ಪಕ್ಕದ ಮನೆಯ ಹೊನ್ನವ್ವ, ಕಂಕುಳಲ್ಲಿ ಕೂಸು, ಕೈಯಲ್ಲಿ ಖಾಲಿ ಕೊಡ, ಕೇತಯ್ಯನ ದಾರಿಗೆ ಅಡ್ಡ ನಿಂತಳು.

“ಕೇತಣ್ಣ, ನಿನ್ ಪುಸ್ತಕದ ತೆರಿಗೆ ಕಟ್ಬಿಟ್ಟು ಬಂದೆ. ನೋಡ್ತೀನಿ ಅಂದ್ರೆ ಕೈಮುಗಿದು ಹೋಗು ಅಂದ್ರು. ಮಗ ಈಗಷ್ಟೇ ಹೆಜ್ಜೆ ಇಡ್ತಾ ಐತೆ. ಯಾವ ಬಾವಿ ನೀರು ಕುಡಿಸ್ಲಿ, ಅದೊಂದ್ ಹೇಳಣ್ಣ.”

ಪೇದೆ ಕಿವಿ ಈ ಕಡೆ ತಿರುಗಿಸಿದ. ಕೇತಯ್ಯ ಕೂಸಿನ ಕಾಲುಗಳನ್ನು ನೋಡಿದ. ಇನ್ನೂ ನೆಟ್ಟಗಿದ್ದವು. ತನಗೆ ಕೊಟ್ಟಿದ್ದ ಹಕ್ಕಿನ ಪ್ರಕಾರ, ಬಾಯಿ ತೆರೆಯದೆ, ಬಾವಿಯ ಹೆಸರನ್ನು ತನಗೆ ತಾನೇ ಹೇಳಿಕೊಂಡ.

“ಇಷ್ಟು ಓದಿ ಏನು ಬಂತಣ್ಣ ನಿನಗೆ?” ಎಂದಳು ಹೊನ್ನವ್ವ.

ಕೇತಯ್ಯ ಮುಂದೆ ನಡೆದ. ಬೆನ್ನ ಹಿಂದೆ ಕೊಡ ನೀರಿಗೆ ಬಿದ್ದ ಸದ್ದಾಯಿತು. ಯಾವ ಬಾವಿಯೆಂದು ತಿರುಗಿ ನೋಡುವ ಹಕ್ಕನ್ನೂ ಅವನು ಬರೆದುಕೊಟ್ಟಿದ್ದ.